ಗ್ಯಾಸ್ ಇಳಿಯುವ ದಾರಿ

ಜನವರಿ 20, ಸೋಮವಾರ. ಸಂಜೆ

ಇವತ್ತು ರಿಪೇರಿಗೆ ಹನ್ನೊಂದು ಸ್ಟವ್. ಒಂಬತ್ತರಲ್ಲಿ ಹಾಲು ಉಕ್ಕಿ ಬರ್ನರ್ ಕಟ್ಟಿದ್ದು. ಒಂದರೊಳಗೆ ಜಿರಳೆ. ಹನ್ನೊಂದನೆಯದರ ಪೈಪಿಗೆ ಬ್ಯಾಂಡೇಜ್ ಸುತ್ತಿತ್ತು — ಕಾಲು ಉಳುಕಿದರೆ ಸುತ್ತುವ ಬ್ಯಾಂಡೇಜ್! ತಂದವರಿಗೆ ಚೆನ್ನಾಗಿ ಬೈದೆ. "ಎರಡು ವರ್ಷದಿಂದ ಹಾಗೇ ಉಂಟು ಮಾರಾಯ್ರೆ, ಎಂತದೂ ಆಗ್ಲಿಲ್ಲ" ಅಂತ ನಕ್ಕರು. ಎಂತದೂ ಆಗದೆ ಇರುವುದೇ ದೊಡ್ಡ ಆಶ್ಚರ್ಯ ಅಂತ ಈ ಪುತ್ತೂರಿನವರಿಗೆ ಯಾವಾಗ ಗೊತ್ತಾಗುವುದೋ.

ನಾಲ್ಕು ಗಂಟೆಗೆ ಆಲಂಕಾರಿನ ಹರಿಪ್ರಸಾದ್ ಬಂದ. ಜೇನು ಸಾಕುವವ. ಹಳೆ ಸ್ಕೂಲ್ ವ್ಯಾನ್ ತೆಗೆದುಕೊಂಡು ಒಳಗೆ ಮನೆ ಮಾಡಿಸಿದ್ದಾನಂತೆ. ಮಂಚ, ಕಪಾಟು, ಸಿಂಕ್ ಎಲ್ಲ ಇದೆ. ಅವನು ಕ್ಯಾರವಾನ್ ಅನ್ನುತ್ತಾನೆ, ಅವನ ತಾಯಿ ಮನೆಗಾಡಿ ಅನ್ನುತ್ತಾರಂತೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಂಡ ಹೆಂಡತಿ ಇಬ್ಬರೂ ಸುಳ್ಯದ ಕಡೆ ರಬ್ಬರ್ ತೋಟಗಳಲ್ಲಿ ಜೇನುಪೆಟ್ಟಿಗೆಗಳ ಜೊತೆ ಇರುವುದು. ಗಾಡಿಗೆ ಗ್ಯಾಸ್ ಕೂರಿಸಿಕೊಡಬೇಕು.

"ಮನೆಯಲ್ಲಿ ಇದ್ದ ಹಾಗೇ ಅಲ್ವಾ ಯೂಸುಫಣ್ಣ? ಸಿಲಿಂಡರ್ ಇಡುದು, ಪೈಪ್ ಹಾಕುದು."

"ನಿನ್ನ ಮನೆ ಗುಂಡಿಗೆ ಬಿದ್ದು ಹಾರ್ತದಾ?" ಕೇಳಿದೆ.

ಗಲ್ಫಿನ ಗ್ಯಾಸ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವನು ನಾನು. ಊರಿಗೆ ಬಂದ ಮೇಲೆ ಬರೀ ಬರ್ನರ್ ಉಜ್ಜುವುದೇ ಆಯಿತು. ಇಂಥ ಕೆಲಸ ಸಿಕ್ಕಿದ್ದು ಇದೇ ಮೊದಲು. ಒಳಗೊಳಗೇ ಖುಷಿ. ಮುಖದಲ್ಲಿ ತೋರಿಸಲಿಲ್ಲ.

ಜನವರಿ 27, ಸೋಮವಾರ

ಮೂರು ದಿನದಿಂದ ಗಾಡಿ ಅಂಗಡಿ ಹಿಂದೆಯೇ ನಿಂತಿದೆ. ಸಿಲಿಂಡರಿಗೆ ತಗಡಿನ ಬಾಕ್ಸ್ ಮಾಡಿಸಿದ್ದಾಯಿತು. ಬಾಗಿಲು ಹೊರಗಿನಿಂದ ಮಾತ್ರ, ಹತ್ತುವ ಮೆಟ್ಟಿಲಿನ ಪಕ್ಕ. ಗಾಡಿಯ ಒಳಗಿಗೂ ಅದಕ್ಕೂ ಸಂಬಂಧ ಇರಬಾರದು. ತಾಮ್ರದ ಪೈಪ್ ಒಂದೇ ಒಳಗೆ ಹೋಗುವುದು. ಸಿಲಿಂಡರ್ ನೆಟ್ಟಗೆ ನಿಲ್ಲಲಿಕ್ಕೆ ಎರಡು ಬೆಲ್ಟ್.

ಬಾಕ್ಸಿನ ನೆಲದಲ್ಲಿ ಒಂದು ತೂತು, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಇಲಿ ಬಾರದಂತೆ ಜಾಲರಿ ಹಾಕಿ. ಅದಕ್ಕೆ ಜಾಗ ಹುಡುಕಲಿಕ್ಕೆ ಅರ್ಧ ದಿನ ಬೇಕಾಯಿತು. ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ನೋಡಿದೆ. ಒಂದು ಕಡೆ ಚಾಸಿಯ ಕಬ್ಬಿಣ, ಇನ್ನೊಂದು ಕಡೆ ಸೈಲೆನ್ಸರ್. ಎರಡರ ನಡುವೆ ಅದೊಂದೇ ಜಾಗ.

ಹರಿ ಕೇಳಿದ, "ಬಾಕ್ಸ್ ಮಾಡಿ ಮತ್ತೆ ತೂತು ಯಾಕೆ?" ಎಲ್ಲರೂ ಕೇಳುವುದು ಅದನ್ನೇ. ಆ ತೂತಿಲ್ಲದಿದ್ದರೆ ಅದು ಬಾಕ್ಸಲ್ಲ, ಬಾಂಬ್.

1999ರಲ್ಲಿ ಪ್ಲಾಂಟಿಗೆ ಸೇರಿದ ಮೊದಲ ವಾರದ ಟ್ರೈನಿಂಗ್ ನೆನಪಾಯಿತು. ತಗಡಿನ ದಂಬೆ ಒಂದನ್ನು ಇಳಿಜಾರಾಗಿ ಇಟ್ಟಿದ್ದರು, ಮಾಡಿನ ನೀರು ಇಳಿಯುವಂಥದು. ಕೆಳತುದಿಯಲ್ಲಿ ಮೇಣದಬತ್ತಿ. ಟ್ರೈನರ್ ಮೇಲ್ತುದಿಯಲ್ಲಿ ಒಂದು ಲೋಟ ಬಗ್ಗಿಸಿದ. ಲೋಟದಲ್ಲಿ ಏನೂ ಕಾಣಲಿಲ್ಲ. ಸುರಿದದ್ದೂ ಕಾಣಲಿಲ್ಲ. ಎರಡು ಮೂರು ಸೆಕೆಂಡ್ ಏನಿಲ್ಲ... ಆಮೇಲೆ ಮೇಣದಬತ್ತಿಯಿಂದ ನೀಲಿ ಬೆಂಕಿ ಎದ್ದು ದಂಬೆ ಹಿಡಿದು ಮೇಲಕ್ಕೆ ಓಡಿ ಬಂತು. ಲೋಟದವರೆಗೆ! ಗಾಳಿಗಿಂತ ಭಾರ ಅಂತ ಪುಸ್ತಕದಲ್ಲಿ ಓದುವುದು ಬೇರೆ, ಕಾಣದ ವಸ್ತು ನೀರಿನ ಹಾಗೆ ಹರಿದು ಹೋಗುವುದನ್ನು ನೋಡುವುದು ಬೇರೆ. ಇಷ್ಟು ವರ್ಷವಾದರೂ ಆ ಬೆರಗು ಹೋಗಿಲ್ಲ. ಹೋದ ದಿನ ಈ ಕೆಲಸ ಬಿಡಬೇಕು.

ಫೆಬ್ರವರಿ 4, ಮಂಗಳವಾರ

ಕೆಲಸ ಮುಗಿಯಿತು. ಪ್ರೆಶರ್ ಟೆಸ್ಟ್ ಮಾಡಿದೆ. ಯು ಆಕಾರದ ಕೊಳವೆಯಲ್ಲಿ ನೀರು ತುಂಬಿಸಿ ಲೈನಿಗೆ ಜೋಡಿಸಿ, ಗ್ಯಾಸ್ ಬಿಟ್ಟು, ವಾಲ್ವ್ ಮುಚ್ಚಿ ಕೂತೆ. ಹದಿನೈದು ನಿಮಿಷ. ನೀರು ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಹಾಗೆ ಅಲ್ಲಾಡದೆ ನಿಂತ ನೀರನ್ನು ನೋಡುವುದರಲ್ಲಿ ಏನೋ ಒಂದು ಸಮಾಧಾನ. ರಮ್ಲತಿಗೆ ಹೇಳಿದರೆ ನಗುತ್ತಾಳೆ. ಹೆಂಡತಿಯರಿಗೆ ಇಂಥದೆಲ್ಲ ಹೇಳಬಾರದು.

ಗಾಡಿ ಕೊಂಡೊಯ್ಯಲಿಕ್ಕೆ ಹರಿಯ ಹೆಂಡತಿ ಭವಿತಾನೂ ಬಂದಿದ್ದಳು. ಮೂವತ್ತೆರಡು ಮೂವತ್ತಮೂರು ವಯಸ್ಸಿರಬಹುದು. ಮಾತು ಕಡಿಮೆ, ಕಣ್ಣು ಎಲ್ಲ ಕಡೆ. ಒಂದು ತಂಬಿಗೆ ನೀರು ತರಿಸಿ ಬಾಕ್ಸಿನ ಒಳಗೆ ಸುರಿದು ತೋರಿಸಿದೆ. ನೀರು ಸುತ್ತಿ ಸುತ್ತಿ ತೂತು ಹುಡುಕಿಕೊಂಡು ನೆಲಕ್ಕೆ ಇಳಿಯಿತು.

"ಇದೇ ದಾರಿಯಲ್ಲಿ ಗ್ಯಾಸೂ ಹೋಗುದು. ಲೀಕ್ ಆದ್ರೆ ಮೇಲೆ ಹಾರಿ ಹೋಗ್ತದೆ ಅಂತ ಎಣಿಸ್ಬೇಡಿ. ಕೆಳಗೆ ಬಂದು ಕೂತ್ಕೊಳ್ತದೆ. ದಾರಿ ಇದ್ರೆ ಹೋಗ್ತದೆ. ಇಲ್ಲದಿದ್ರೆ ಕಾಯ್ತದೆ."

"ಎಂತದಕ್ಕೆ ಕಾಯ್ತದೆ?" ಭವಿತಾ ಕೇಳಿದಳು.

"ಒಂದು ಕಿಡಿಗೆ."

ಅವಳು ತೂತನ್ನೇ ನೋಡುತ್ತ ನಿಂತಳು. ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರನ್ನು ಒಳಗೆ ಹಾಕಿದ್ದು ಯಾಕೆ ನೆಲದಿಂದ ನಾಲ್ಕು ಬೆರಳು ಮೇಲೆ ಮಾತ್ರ ಅಂತ ಅವಳಿಗೆ ಹೇಳುವ ಮೊದಲೇ ಅರ್ಥವಾಗಿತ್ತು. ಮತ್ತೆ ನಿಯಮಗಳು: ಅಡಿಗೆ ಮುಗಿದ ಮೇಲೆ, ಗಾಡಿ ಹೊರಡುವ ಮೊದಲು ಸಿಲಿಂಡರಿನ ವಾಲ್ವ್ ಬಂದ್. ಅಡಿಗೆಗೆ ಕಿಟಕಿ ತೆರೆಯುವುದು. ಚಳಿ ಅಂತ ಸ್ಟವ್ ಉರಿಸಿ ಮಲಗುವುದಿಲ್ಲ. ವಾಸನೆ ಬಂದರೆ ಸ್ವಿಚ್ ಮುಟ್ಟುವುದಿಲ್ಲ, ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ. ಹೊರಗೆ, ದೂರ, ಆಮೇಲೆ ಫೋನ್. ಅವಳ ಬಾಯಲ್ಲೇ ಎರಡು ಸಲ ಹೇಳಿಸಿದೆ. ಹರಿ ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. ಜೇನಿನವರಿಗೆ ಅಂಜಿಕೆ ಕಡಿಮೆ.

ಹದಿನೈದು ದಿನ ತೋಟದ ರಸ್ತೆಯಲ್ಲಿ ಓಡಿದ ಮೇಲೆ ಒಮ್ಮೆ ಬಂದು ಚೆಕ್ ಮಾಡುತ್ತೇನೆ ಎಂದಿದ್ದೇನೆ.

ಫೆಬ್ರವರಿ 22, ಶನಿವಾರ. ಅಸರ್ ನಮಾಜ್ ಆದ ಮೇಲೆ

ಬೆಳಿಗ್ಗೆ ಬೈಕಿನಲ್ಲಿ ಸುಳ್ಯ ದಾಟಿ ಹೋದೆ. ರಬ್ಬರ್ ಮರಗಳೆಲ್ಲ ಎಲೆ ಉದುರಿಸಿ ಹೊಸ ಚಿಗುರು. ತಾಮ್ರದ ಬಣ್ಣ. ಜೇನು ಹೂವಿನಿಂದ ಅಂತ ಇಷ್ಟು ದಿನ ತಿಳಿದಿದ್ದೆ. ಹರಿ ಒಂದು ಗೆಲ್ಲು ಬಗ್ಗಿಸಿ ತೋರಿಸಿದ — ಎಳೆ ಎಲೆಯ ತೊಟ್ಟಿನ ತುದಿಯಲ್ಲಿ ಸಾಸಿವೆಯಷ್ಟು ನೀರು. ನಾಲಿಗೆಗೆ ಮುಟ್ಟಿಸಿದೆ. ಸಿಹಿ! ಎಲೆ ಕೊಡುವ ಜೇನು. ಐವತ್ತೆಂಟು ವರ್ಷಕ್ಕೆ ಗೊತ್ತಾಯಿತು.

ಪೈಪ್, ನಟ್, ಪ್ರೆಶರ್ ಎಲ್ಲ ಸರಿ. ಕೊನೆಗೆ ಬಾಕ್ಸಿನ ನೆಲ. ಹರಿ ಆಗ ಪೆಟ್ಟಿಗೆಗಳ ಹತ್ತಿರ ಹೋಗಿದ್ದ. ಬಗ್ಗಿ ನೋಡುತ್ತೇನೆ, ತೂತಿನಲ್ಲಿ ಬೆಳಕು ಕಾಣುವುದಿಲ್ಲ. ಜಾಲರಿಯ ಅಡಿಗೆ ಮಣ್ಣು. ಕುಂಬಾರ ಹುಳ ಗೂಡು ಕಟ್ಟಿದೆ.

ಸ್ಕ್ರೂಡ್ರೈವರ್ ಎತ್ತಿದೆ. ಭವಿತಾ ನನ್ನ ಕೈ ಹಿಡಿಯಲಿಲ್ಲ, ಆದರೆ ಹಿಡಿದ ಹಾಗೇ ಇತ್ತು ಅವಳ ಸ್ವರ.

"ಯೂಸುಫಣ್ಣ, ಅದನ್ನು ಒಡೀಬೇಡಿ."

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಮನೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿದರೆ ಆ ಮನೆಗೆ ಮಗು ಬರುತ್ತದೆ, ಒಡೆಯಬಾರದು. ನನ್ನ ತಾಯಿಯೂ ಹೇಳುತ್ತಿದ್ದರು.

"ಮದುವೆಯಾಗಿ ಒಂಬತ್ತು ವರ್ಷ ಆಯ್ತು. ಮಂಗಳೂರಿನ ಆಸ್ಪತ್ರೆಗೆ ಹೋಗದ ತಿಂಗಳಿಲ್ಲ. ಆಲಂಕಾರಿನ ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಂದೂ ಕಟ್ಟಿರ್ಲಿಲ್ಲ. ಇದೇ ಮೊದಲು. ಇವರಿಗೆ ಹೇಳ್ಬೇಡಿ, ನಗ್ತಾರೆ."

ಅಷ್ಟರಲ್ಲಿ ಹುಳವೇ ಬಂತು. ಬಾಯಲ್ಲಿ ಒದ್ದೆ ಮಣ್ಣಿನ ಸಣ್ಣ ಉಂಡೆ. ಇಬ್ಬರೂ ಗಾಡಿಯ ಅಡಿಗೆ ತಲೆ ಹಾಕಿ ನೋಡಿದೆವು. ಮಣ್ಣು ಮೆತ್ತುವಾಗ ಸಣ್ಣಗೆ ಗುಂಯ್ ಅನ್ನುತ್ತದೆ, ಮೆತ್ತಿ ಮುಗಿದ ಕೂಡಲೇ ಸುಮ್ಮನಾಗುತ್ತದೆ. ಅಳತೆಪಟ್ಟಿ ಇಲ್ಲ, ಕರಣೆ ಇಲ್ಲ. ನಾನು ಅರ್ಧ ದಿನ ಮಲಗಿ ಹುಡುಕಿದ ಜಾಗವನ್ನೇ ಇದು ಎಷ್ಟು ಹೊತ್ತಿನಲ್ಲಿ ಹುಡುಕಿತೋ! ಕೈ ಏಳಲಿಲ್ಲ.

"ಮುಂದಿನ ವಾರ ಬಂದು ಪಕ್ಕದಲ್ಲಿ ಇನ್ನೊಂದು ತೂತು ಹಾಕಿ ಕೊಡ್ತೇನೆ" ಎಂದೆ. ಅವಳ ಮುಖ ಅರಳಿತು.

ಚೆಕ್ ಶೀಟ್ ಬರೆದು ಹರಿಯ ಕೈಗೆ ಕೊಟ್ಟೆ. ನೆಲದ ತೂತು ತೆರೆದಿದೆ — ಟಿಕ್. ಟಿಕ್ ಹಾಕಿದ್ದು ನಾನು.

ಫೆಬ್ರವರಿ 23, ಭಾನುವಾರ

ಸುಬ್‌ಹಿ ನಮಾಜಿನಲ್ಲೂ ಅದೇ ತಲೆಯಲ್ಲಿ. ಪಕ್ಕದಲ್ಲಿ ಇನ್ನೊಂದು ತೂತು ಎಲ್ಲಿ ಹಾಕುವುದು? ಒಂದು ಕಡೆ ಚಾಸಿ, ಒಂದು ಕಡೆ ಸೈಲೆನ್ಸರ್. ಜನವರಿಯಲ್ಲಿ ನಾನೇ ನೋಡಿದ್ದು, ಇದೇ ಪುಸ್ತಕದಲ್ಲಿ ಬರೆದದ್ದು. ಆ ಹುಡುಗಿಯ ಮುಖ ನೋಡಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಲೀಕ್ ಇಲ್ಲವಲ್ಲ. ನಿನ್ನೆಯೇ ಟೆಸ್ಟ್ ಮಾಡಿದ್ದೇನಲ್ಲ. ಬರುವ ವಾರ ಹೋಗಿ ನೋಡಿದರಾಯಿತು.

ಮಾರ್ಚ್ 2, ಭಾನುವಾರ

ರಂಝಾನ್ ಶುರು. ಮೊದಲ ಉಪವಾಸ. ಮಧ್ಯಾಹ್ನ ತಲೆನೋವು. ಸುಳ್ಯಕ್ಕೆ ಹೋಗಲಿಲ್ಲ.

ಮಾರ್ಚ್ 12, ಬುಧವಾರ. ಉಪವಾಸ ಬಿಟ್ಟ ಮೇಲೆ

ಮರೆಯುವ ಮೊದಲು ಬರೆಯುತ್ತೇನೆ. ಅಕ್ಷರ ಹೇಗೆ ಬಂದರೆ ಹಾಗೆ.

ಎರಡೂವರೆಗೆ ಭವಿತಾಳ ಫೋನ್. "ಯೂಸುಫಣ್ಣ, ಗ್ಯಾಸ್ ವಾಸನೆ. ನಾವು ದೂರ ಬಂದು ಮಾತಾಡುದು. ಇವರಿಗೆ ಎಂತದೂ ವಾಸನೆ ಬರುದಿಲ್ಲಂತೆ. ಡಿಟೆಕ್ಟರೂ ಕೂಗ್ಲಿಲ್ಲ, ಹಸಿರು ಲೈಟೇ ಉಂಟು. ಆದ್ರೆ ನನಗೆ ಬರ್ತದೆ. ನಿಜವಾಗಿ ಬರ್ತದೆ."

ಹಿಂದಿನಿಂದ ಹರಿಯ ಸ್ವರ — "ಬಿಸಿಲಿಗೆ ಬರಬೇಡಿ ಹೇಳು ಅವರಿಗೆ, ಉಪವಾಸ. ನಿನಗೆ ಎರಡು ದಿನದಿಂದ ಎಲ್ಲ ವಾಸನೆಯೇ."

ಅಂಗಡಿಯ ಬಾಗಿಲೂ ಎಳೆಯದೆ ಹೊರಟೆ. ದಾರಿಯುದ್ದಕ್ಕೂ ಆ ಟಿಕ್ ಒಂದೇ ಕಣ್ಣ ಮುಂದೆ.

ಅಲ್ಲಿ ಹೋಗಿ ಗೊತ್ತಾದದ್ದು ಇಷ್ಟು. ಮೂರು ದಿನದ ಹಿಂದೆ ಗಾಡಿಯನ್ನು ಮೇಲಿನ ತೋಟಕ್ಕೆ ಒಯ್ದಿದ್ದಾರೆ. ರಸ್ತೆಯಲ್ಲ ಅದು, ತೋಡು, ಬರೀ ಗುಂಡಿ. ಇವತ್ತು ಮಧ್ಯಾಹ್ನ ಟೀ ಮಾಡಿ ಸಿಲಿಂಡರ್ ಬಂದ್ ಮಾಡಿಲ್ಲ. ಭವಿತಾ ಸುಸ್ತು ಅಂತ ಮಂಚದಲ್ಲಿ ಮಲಗಿದ್ದಳು. ಹರಿ ಹೊರಗೆ ಮೆಟ್ಟಿಲಲ್ಲಿ ಕೂತು ಹೊಗೆ ತಿದಿಗೆ ತೆಂಗಿನ ಸಿಪ್ಪೆ ತುಂಬಿಸುತ್ತಿದ್ದ. ಜೇನುಪೆಟ್ಟಿಗೆ ತೆರೆಯುವ ಮೊದಲು ಹೊಗೆ ಊದುವ ಡಬ್ಬಿ ಅದು. ಬೆಂಕಿಪೊಟ್ಟಣ ಕೈಯಲ್ಲಿತ್ತು. ಬಾಕ್ಸಿನ ಬಾಗಿಲು ಅವನ ಮೊಣಕಾಲಿನ ಹತ್ತಿರ.

ಅವಳು ಒಳಗಿನಿಂದ ಓಡಿ ಬಂದು "ಕಡ್ಡಿ ಗೀರ್ಬೇಡಿ!" ಅಂತ ಕಿರುಚಿದಳಂತೆ. ಕೊಳೆತ ಬೆಳ್ಳುಳ್ಳಿ ವಾಸನೆ ಅಂದಳಂತೆ. ಇವನು ಮೂಗು ಎಳೆದು ನೋಡಿ, "ಎಂತ ಮಾರಾಯ್ತಿ, ರಬ್ಬರ್ ಶೀಟಿನ ವಾಸನೆ ಅದು" ಅಂದನಂತೆ. ಅವಳು ಮಾತಾಡದೆ ಬೆಂಕಿಪೊಟ್ಟಣ ಕಿತ್ತು ಪೊದೆಗೆ ಎಸೆದು, ಅವನನ್ನು ಕೈ ಹಿಡಿದು ಎಳೆದುಕೊಂಡು ಹೋದದ್ದು.

ನಾನೂ ಮೆಟ್ಟಿಲಿನವರೆಗೆ ಹೋದೆ. ನನಗೂ ವಾಸನೆ ಇಲ್ಲ! ಇಪ್ಪತ್ತೆರಡು ವರ್ಷ ಅದೇ ವಾಸನೆಯಲ್ಲಿ ಬದುಕಿದ ಮೂಗು ಇದು. ಗಾಳಿ ಬರುವ ಕಡೆ ನಿಂತು ಬಾಕ್ಸಿನ ಬಾಗಿಲು ತೆರೆದೆ. ಆಗ ಬಡಿಯಿತು ಮುಖಕ್ಕೆ. ವಾಲ್ವ್ ತಿರುಗಿಸಿ ಹಿಂದೆ ಓಡಿದೆ. ಅರ್ಧ ಗಂಟೆ ಬಾಗಿಲು ತೆರೆದೇ ಬಿಟ್ಟು ಮೂವರೂ ದೂರ ಕೂತೆವು.

ಆಮೇಲೆ ವಾಲ್ವ್ ಸ್ವಲ್ಪ ಬಿಟ್ಟು ಸಾಬೂನಿನ ನೊರೆ ಹಚ್ಚಿದೆ. ಸಿಲಿಂಡರಿನ ಪಕ್ಕದ ನಟ್. ಗುಂಡಿಗೆ ಕುಲುಕಿ ಕೂದಲೆಳೆಯಷ್ಟು ಸಡಿಲಾಗಿತ್ತು. ಒಂದು ಗುಳ್ಳೆ ಎದ್ದಿತು — ಸಾಸಿವೆ, ಕಾಳುಮೆಣಸು, ಕಡಲೆ... ಒಡೆಯಿತು. ಇನ್ನೊಂದು. ಇಷ್ಟೇ ಲೀಕಿಗೆ ತೂತು ತೆರೆದಿದ್ದರೆ ಗ್ಯಾಸ್ ಹುಟ್ಟಿದ ಹಾಗೇ ನೆಲಕ್ಕೆ ಇಳಿದು ಗಾಳಿಗೆ ಹೋಗುತ್ತಿತ್ತು. ತೂತಿನಲ್ಲಿ ಮಣ್ಣು. ಎರಡು ಗಂಟೆ ಅಲ್ಲೇ ತುಂಬುತ್ತ ಕೂತಿದೆ, ಹರಿಯ ಮೊಣಕಾಲಿನ ಪಕ್ಕ. ಪೈಪ್ ಒಳಗೆ ಹೋಗುವ ಸಂದಿಯಿಂದ ಒಂದೆಳೆ ಮಂಚದ ಕಡೆಗೂ ಹೋಗಿರಬೇಕು. ಡಿಟೆಕ್ಟರಿಗೆ ಅದು ಲೆಕ್ಕಕ್ಕೇ ಇಲ್ಲ, ಅಷ್ಟು ಕಡಿಮೆ. ಅವಳಿಗೆ ಮಾತ್ರ ಹೇಗೆ...

ಹರಿಗೆ ಗೂಡಿನ ವಿಷಯ ಹೇಳಲಿಲ್ಲ. ಭವಿತಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಸಿಲಿಂಡರ್ ಬಿಚ್ಚಿ ತೋಟದ ಶೆಡ್ಡಿನ ಹೊರಗೆ ಇಟ್ಟು, "ನಾನು ಹೇಳುವವರೆಗೆ ಗ್ಯಾಸ್ ಇಲ್ಲ" ಎಂದು ಬಂದುಬಿಟ್ಟೆ.

ಮನೆಯಲ್ಲಿ ಖರ್ಜೂರ ಬಾಯಿಗಿಟ್ಟು ರಮ್ಲತಿಗೆ ಎಲ್ಲ ಹೇಳಿದೆ. ಅವಳು ಗಂಜಿ ಬಡಿಸುವ ಸೌಟು ಹಾಗೇ ಹಿಡಿದು ನಿಂತಳು.

"ಡಿಟೆಕ್ಟರಿಗೂ ಬಾರದ ವಾಸನೆ ಆ ಹುಡುಗಿಗೆ ಬಂತು ಅಂತ ಆಶ್ಚರ್ಯಪಡ್ತಾ ಇದ್ದೀರಿ. ಅವಳಿಗೆ ತಿಂಗಳು ಯಾವಾಗ ಆದದ್ದು ಅಂತ ಯಾರಾದ್ರೂ ಕೇಳಿದ್ದಾರಾ?"

ನನಗೆ ತಲೆಬುಡ ಅರ್ಥವಾಗಲಿಲ್ಲ.

"ನಮ್ಮ ಆಸಿಯಾ ಹೊಟ್ಟೆಯಲ್ಲಿರುವಾಗ ಮೂರು ಮನೆ ಆಚೆ ಮೀನು ತೊಳೆದ್ರೆ ನಾನು ಇಲ್ಲಿ ವಾಂತಿ ಮಾಡ್ತಿದ್ದೆ. ನಿಮಗೆ ಹೇಗೆ ಗೊತ್ತಾಗುದು? ಮೂರಕ್ಕೂ ನೀವು ಗಲ್ಫಿನಲ್ಲಿ."

ಮಾರ್ಚ್ 13, ಗುರುವಾರ. ಮಧ್ಯಾಹ್ನ

ರಮ್ಲತ್ ಬೆಳಿಗ್ಗೆಯೇ ಭವಿತಾಳಿಗೆ ಫೋನ್ ಮಾಡಿದ್ದಳು. ನನ್ನನ್ನು ಹೊರಗೆ ಕಳಿಸಿ. ಹರಿ ಸುಳ್ಯ ಪೇಟೆಗೆ ಹೋಗಿ ಮೆಡಿಕಲ್ಲಿನಿಂದ ಟೆಸ್ಟ್ ಕಿಟ್ ತಂದನಂತೆ.

ಎರಡು ಗೆರೆ.

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಣ್ಣಿಗೆ ಕಾಣದ್ದು, ಇನ್ನೂ ಅಕ್ಕಿಕಾಳಿನಷ್ಟೂ ಇಲ್ಲದ್ದು, ಅದು ತಾಯಿಯ ಮೂಗನ್ನು ಹರಿತ ಮಾಡಿ ತಾಯಿಯನ್ನೂ ತಂದೆಯನ್ನೂ ತನ್ನನ್ನೂ ಉಳಿಸಿಕೊಂಡಿದೆ. ನಾನು ಕೂರಿಸಿದ ಮೆಷಿನ್ ಹಸಿರು ಲೈಟ್ ಹಾಕಿಕೊಂಡು ಕೂತಿತ್ತು. ಅಲ್ಲಾಹನೇ, ನಾನೆಂಥ ಮೆಕ್ಯಾನಿಕ್!

ಸಂತೋಷ ಪಡಲಿಕ್ಕೂ ಭಯ. ಒಂದು ಕಡ್ಡಿ ಗೀರಿದ್ದರೆ...

ಮಾರ್ಚ್ 16, ಭಾನುವಾರ

ಹೋದೆ. ಹೇಳಲೇಬೇಕಿತ್ತು. ಹರಿಯ ತಾಯಿ ಕುಮುದಿನಿಯಕ್ಕ ಸೊಸೆಯನ್ನು ನೋಡಿಕೊಳ್ಳಲಿಕ್ಕೆ ಆಲಂಕಾರಿನಿಂದ ಬಂದಿದ್ದರು. ಭವಿತಾಳನ್ನು ಊರಿಗೆ ಕರೆದರೆ ಅವಳು ಜೇನು ಬಿಟ್ಟು ಬರುವುದಿಲ್ಲ ಎಂದಳಂತೆ. ಹಾಗೆ ಇವರೇ ಬಂದದ್ದು. ಎಲ್ಲರೂ ರಬ್ಬರ್ ಮರದ ಅಡಿಯಲ್ಲಿ ಕೂತಿದ್ದರು. ಮೂರು ಕಲ್ಲಿನ ಒಲೆಯಲ್ಲಿ ಕುಚ್ಚಲಕ್ಕಿ ಬೇಯುತ್ತಿತ್ತು. ಹೊಗೆಗೆ ಭವಿತಾ ಎರಡು ಸಲ ಎದ್ದು ಹೋಗಿ ವಾಂತಿ ಮಾಡಿ ಬಂದಳು.

ಹರಿಗೆ ನೇರವಾಗಿ ಹೇಳಿದೆ. "ಆ ತೂತಿಗೆ ಕುಂಬಾರ ಹುಳ ಗೂಡು ಕಟ್ಟಿದ್ದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಗೊತ್ತಿದ್ದೇ ಟಿಕ್ ಹಾಕಿದ್ದು."

"ನಾನೇ ಒಡೀಬೇಡಿ ಅಂದದ್ದು" ಭವಿತಾ ನಡುವೆ ಬಂದಳು.

"ನೀನು ಹೇಳಿದ್ದು ಸರಿ. ಕೇಳಿದ್ದು ನನ್ನ ತಪ್ಪು. ನಿನಗೆ ಹೇಳುವ ಹಕ್ಕುಂಟು, ನನಗೆ ಕೇಳುವ ಹಕ್ಕಿಲ್ಲ."

ಹರಿ ಒಲೆಗೆ ಕಟ್ಟಿಗೆ ದೂಡಿದ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಅಂದ, "ನಿಮ್ಮ ಆ ಶೀಟ್ ಉಂಟಲ್ಲ ಯೂಸುಫಣ್ಣ, ನಾನು ಅದನ್ನು ಬಾಗಿಲಿಗೆ ಅಂಟಿಸಿದ್ದೆ. ಅದನ್ನು ನೋಡಿಯೇ ಧೈರ್ಯದಲ್ಲಿ ಆ ಮೆಟ್ಟಿಲಲ್ಲಿ ಬೆಂಕಿ ಹಾಕ್ತಾ ಇದ್ದದ್ದು."

ಎದ್ದು ಹೋಗಿ ಬಾಗಿಲಿನ ಶೀಟ್ ಕಿತ್ತು ತಂದೆ.

ಈಗಾದರೂ ಗೂಡು ತೆಗೆಯುತ್ತೇನೆ ಎಂದೆ. ಕುಮುದಿನಿಯಕ್ಕ ಎದ್ದೇ ನಿಂತರು. "ಎಂತ ಹೇಳ್ತೀರಿ ನೀವು? ಮಗು ಇಲ್ಲದಾಗ ಬಿಟ್ಟು ಈಗ ಒಡೀಲಿಕ್ಕುಂಟಾ? ಗೂಡು ಕಟ್ಟಿದ್ದಕ್ಕೇ ಅಲ್ವಾ ಇದು ನಿಂತದ್ದು? ಒಡೆದು ಮತ್ತೆ ಎಂತಾದ್ರೂ ಆದ್ರೆ?"

ಹರಿಯೂ — ಫೆಬ್ರವರಿಯಲ್ಲಿ ಕೇಳಿದ್ದರೆ ನಗುತ್ತಿದ್ದವನು — ತಲೆ ತಗ್ಗಿಸಿದ. "ಬೇಡ ಯೂಸುಫಣ್ಣ. ಕಟ್ಟಿಗೆಯಲ್ಲೇ ಮಾಡ್ತೇವೆ."

ನನ್ನ ಕೈಯೂ ಏಳುತ್ತಿರಲಿಲ್ಲ, ಸುಳ್ಳು ಯಾಕೆ. ಒಂಬತ್ತು ವರ್ಷದ ಮೇಲೆ ಸಿಕ್ಕಿದ್ದು. ನಾನು ಒಡೆದು, ನಾಳೆ ಏನಾದರೂ ಆದರೆ ಈ ಮೂವರ ಮುಖ ಹೇಗೆ ನೋಡಲಿ? ಗೊತ್ತಿದೆ, ಎರಡಕ್ಕೂ ಸಂಬಂಧವಿಲ್ಲ. ಗೊತ್ತಿದ್ದೂ ಎದೆ ಒಪ್ಪುವುದಿಲ್ಲ.

ಮಾರ್ಚ್ 23, ಭಾನುವಾರ. ಸಂಜೆ

ಭವಿತಾ ಬರಹೇಳಿದ್ದಳು. ಒಂದು ವಾರದಲ್ಲಿ ಅರ್ಧ ಇಳಿದಿದ್ದಾಳೆ. ಹೊಗೆಗೆ ಅನ್ನ ಸೇರುವುದಿಲ್ಲ, ನೀರೂ ನಿಲ್ಲುವುದಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ. ಹೀಗಾದರೆ ಒಳಗಿನದು ಹೇಗೆ ಬೆಳೆಯುವುದು ಅಂತ ಡಾಕ್ಟರಮ್ಮ ಬೈದರಂತೆ.

"ಸ್ಕ್ರೂಡ್ರೈವರ್ ಕೊಡಿ" ಎಂದಳು.

ಕುಮುದಿನಿಯಕ್ಕ ಅವಳ ತೋಳು ಹಿಡಿದರು. "ಭವೀ, ಬೇಡ ಮಗ. ಊರಿಗೆ ಹೋಗುವ."

"ಊರಿಗೆ ಹೋದ್ರೂ ಇದು ಇಲ್ಲೇ ಉಂಟಲ್ಲ ಅತ್ತೆ. ನಾಳೆ ಇವರೊಬ್ಬರೇ ಇರುವಾಗ ಟೀಗೆ ಅಂತ ಗ್ಯಾಸ್ ಹಚ್ಚಿದ್ರೆ? ಮಗು ಇರುದು ನನ್ನ ಹೊಟ್ಟೆಯಲ್ಲಿ. ಇದರಲ್ಲಿ ಅಲ್ಲ."

ಸ್ಕ್ರೂಡ್ರೈವರ್ ಕೊಟ್ಟೆ. ಅವಳು ಮೆಟ್ಟಿಲ ಹತ್ತಿರ ಮೊಣಕಾಲೂರಿ ಕೂತಳು. ನಾನು ಜಾಲರಿ ಬಿಚ್ಚಿ ಟಾರ್ಚ್ ಹಿಡಿದೆ. ಮೊದಲ ಸಲ ಮಣ್ಣು ಜಗ್ಗಲಿಲ್ಲ, ಆ ಹುಳದ ಕೆಲಸ ಅಷ್ಟು ಗಟ್ಟಿ. ಎರಡನೇ ಸಲ ಒತ್ತುವಾಗ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ಗಟ್ಟಿ. ಮೂರನೇ ಸಲಕ್ಕೆ ಕಳಚಿ ಬಿತ್ತು. ಅಡಿಯಲ್ಲಿ ನೆಲ ಕಂಡಿತು, ಬಿಸಿಲು ಕಂಡಿತು.

ಮಣ್ಣಿನ ಹೆಂಟೆ ತೆಗೆದು ನೋಡಿದೆವು. ಖಾಲಿ. ಬದಿಯಲ್ಲಿ ದುಂಡಗೆ ಎರಡು ಕಂಡಿ, ಒಳಗಿನಿಂದ ಕೊರೆದದ್ದು. ಮರಿಗಳು ಯಾವಾಗಲೋ ಹಾರಿ ಹೋಗಿದ್ದವು. ಕುಮುದಿನಿಯಕ್ಕ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟರು. ಮೂರು ಜನ ದೊಡ್ಡವರು ಒಂದು ವಾರದಿಂದ ಕಾಯುತ್ತಿದ್ದದ್ದು ಯಾರೂ ಇಲ್ಲದ ಮನೆಯನ್ನು! ನಗು ಬರಬೇಕಿತ್ತು. ಬರಲಿಲ್ಲ.

ನಟ್ ಬದಲಿಸಿದೆ. ಜಾಲರಿ ಹೊಸದು, ಇನ್ನೂ ಸಣ್ಣ ಕಣ್ಣಿನದು. ಪೈಪ್ ಒಳಹೋಗುವ ಸಂದಿ ಪೂರ್ತಿ ಮುಚ್ಚಿದೆ. ಅರ್ಧ ಗಂಟೆ ಪ್ರೆಶರ್ ಟೆಸ್ಟ್. ಹೊಸ ಶೀಟ್ ಬರೆದೆ. ನೆಲದ ತೂತಿನ ಎದುರು ಟಿಕ್ ಹಾಕುವ ಮೊದಲು ಹರಿಯನ್ನು ಅಡಿಯಲ್ಲಿ ಮಲಗಿಸಿ, ನೋಡು, ನಿನ್ನ ಕಣ್ಣಲ್ಲೇ ನೋಡು ಎಂದೆ. ನೋಡಿದ. "ಆಯ್ತು, ಹಾಕಿ" ಅಂದ. ಹೋಗುವಾಗ ಒಂದು ಬಾಟಲಿ ಜೇನು ಕೈಗಿಟ್ಟ.

ಇನ್ನು ಏಳು ತಿಂಗಳು, ಎಂಟು ತಿಂಗಳು. ದಿನಾ ಐದು ಹೊತ್ತೂ ಅದೊಂದೇ ದುಆ. ಒಡೆದದ್ದು ಅವಳಾದರೂ, ಹೆದರಿಕೆ ನನ್ನ ಎದೆಯಲ್ಲೇ ಗೂಡು ಕಟ್ಟಿದೆ.

ಏಪ್ರಿಲ್ 5, ಶನಿವಾರ. ಮಧ್ಯಾಹ್ನ, ಅಂಗಡಿಯಲ್ಲಿ

ಎರಡು ವಾರ ಬರೆಯಲಿಲ್ಲ. ಹಬ್ಬ ಬಂತು, ಹೋಯಿತು. ಬರೆಯಲಿಕ್ಕೆ ಧೈರ್ಯ ಇರಲಿಲ್ಲ. ಪ್ರತಿ ಸಲ ಫೋನ್ ಬಂದಾಗ ಸುಳ್ಯದ್ದೋ ಅಂತ ನಂಬರ್ ನೋಡುವುದು.

ಈಗ ಬಂತು. ಭವಿತಾ. ಇವತ್ತು ಸ್ಕ್ಯಾನಿಂಗ್ ಅಂತ ಗೊತ್ತಿತ್ತು. ಮೂರನೇ ರಿಂಗಿಗೆ ಎತ್ತಿದೆ.

"ಯೂಸುಫಣ್ಣ, ಕಿವಿಗೆ ಸರಿ ಹಿಡ್ಕೊಳ್ಳಿ."

ಡಾಕ್ಟರಮ್ಮ ಕೇಳಿಸುವಾಗ ಹರಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದಂತೆ. ಮೊದಲು ಬರೀ ಗಾಳಿಯ ಹಾಗೆ ಸದ್ದು. ಆಮೇಲೆ... ಓಡುತ್ತಿದೆ. ಎಷ್ಟು ವೇಗ! ನಿಮಿಷಕ್ಕೆ ನೂರಾ ಅರವತ್ತು ಬಡಿತ ಅಂತೆ. ನಾನು ಹೆದರಿ, ಇಷ್ಟು ಜೋರಾ, ಎಂತಾದ್ರೂ ತೊಂದರೆಯಾ ಅಂತ ಕೇಳಿದೆ. ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು. "ಅದು ಹಾಗೇ ಇರುದಂತೆ ಯೂಸುಫಣ್ಣ. ಎಲ್ಲ ಸರಿ ಉಂಟಂತೆ."

ಮೂರು ಮಕ್ಕಳ ಅಪ್ಪ ನಾನು. ಈ ಸದ್ದು ಹೀಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ಆಸಿಯಾದು, ಅವಳ ತಮ್ಮಂದಿರದ್ದು, ಎಲ್ಲ ಹೀಗೇ ಬಡಿದಿರಬೇಕು, ಕೆದಂಬಾಡಿಯ ನಮ್ಮ ಮನೆಯಲ್ಲಿ, ರಮ್ಲತಿನ ಒಳಗೆ, ನಾನು ಸಮುದ್ರದ ಆಚೆ ಮೀಟರ್ ನೋಡುತ್ತ ನಿಂತಿರುವಾಗ.

ವಾಟ್ಸಾಪಿಗೆ ಕಳಿಸು ಎಂದೆ. ಕಳಿಸಿದ್ದಾಳೆ. ಹದಿಮೂರು ಸೆಕೆಂಡ್. ಬರೆಯುತ್ತ ಬರೆಯುತ್ತ ನಾಲ್ಕು ಸಲ ಹಾಕಿದೆ. ಸ್ಟವ್ ತಂದವರೊಬ್ಬರು ಎದುರು ನಿಂತಿದ್ದಾರೆ. ಎಂತಾಯ್ತು ಮಾರಾಯ್ರೆ, ಯಾಕೆ ಕಣ್ಣಲ್ಲಿ ನೀರು ಅಂತ ಕೇಳುತ್ತಿದ್ದಾರೆ. ಎಂತ ಹೇಳಲಿ ಇವರಿಗೆ. ಬನ್ನಿ, ನೀವೂ ಕೇಳಿ ಎಂದೆ. ಸ್ಟವ್ ನೆಲಕ್ಕಿಟ್ಟು ಬಗ್ಗಿದರು. ಇಬ್ಬರೂ ಫೋನಿಗೆ ಕಿವಿ ಕೊಟ್ಟು... ತಡೀರಿ, ತಡೀರಿ, ಶುರುವಿನಿಂದ ಹಾಕ್ತೇನೆ, ಇನ್ನು ಒಂದೇ ಒಂದು ಸಲ —